ಎರೆ ಮಣ್ಣಿನ ಹಿತ್ತಲಲ್ಲಿ ನೀರು ನಿಲ್ಲುತ್ತದೆ, ಮೇಲೆ ಕೃತಕ ಹುಲ್ಲು ಹಾಸಿದರೆ ಸಾಕೇ?

ಪ್ರಶ್ನೆ

ಹುಬ್ಬಳ್ಳಿಯ ಮನೆ. ಹಿತ್ತಲು 20×15 ಅಡಿ, ಅಪ್ಪಟ ಎರೆ ಮಣ್ಣು. ಜೋರು ಮಳೆಯಾದರೆ ಎರಡು ದಿನ ಕಾಲಿಡಲಾಗದಷ್ಟು ರಾಡಿ, ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು. ಗರಸು ಹಾಕಿ, ದಮ್ಮಸು ಹೊಡೆದು, ಮೇಲೆ ಕೃತಕ ಹುಲ್ಲು ಹಾಸಿದರೆ ಅದರ ತೂತುಗಳಿಂದ ನೀರು ಇಳಿದುಹೋಗುತ್ತದೆ ಎನ್ನುತ್ತಾರೆ ಅಂಗಡಿಯವರು. ನಿಜವೇ? ಕಾಂಪೌಂಡಿನ ಆಚೆ ಗಟಾರದ ತಳ ಹಿತ್ತಲ ನೆಲಕ್ಕಿಂತ 14 ಇಂಚು ಕೆಳಗಿದೆ. ಮನೆಯ ಪ್ಲಿಂತ್ (ಹೊರಗಿನ ನೆಲದಿಂದ ಮನೆಯೊಳಗಿನ ನೆಲದ ಎತ್ತರ) 2 ಅಡಿ.

ಉತ್ತರ 1

ಹುಲ್ಲಿನ ತೂತಿನಿಂದ ನೀರು ಇಳಿಯುತ್ತದೆ, ಸರಿ. ಆದರೆ ಇಳಿದು ಎಲ್ಲಿಗೆ ಹೋಗಬೇಕು? ನೆನೆದ ಜಿಗುಟು ಮಣ್ಣು ಗಂಟೆಗೆ 1ರಿಂದ 5 ಮಿ.ಮೀ. ನೀರನ್ನಷ್ಟೇ ಕುಡಿಯುತ್ತದೆ. ಉಳಿದದ್ದು ಹುಲ್ಲಿನ ಕೆಳಗೇ ನಿಂತು ನಾರುತ್ತದೆ. ಗರಸಿನಲ್ಲಿ ಪುಡಿ ಜಾಸ್ತಿ. ದಮ್ಮಸು ಹೊಡೆದ ಮೇಲೆ ಅದೂ ನೀರು ಬಿಡುವುದಿಲ್ಲ. ಎರೆಗೆ ಮರಳು ಬೆರೆಸುವ ಸಲಹೆಯೂ ಬರಬಹುದು, ಕೇಳಬೇಡಿ. ಸ್ವಲ್ಪ ಮರಳು ಬೆರೆತ ಎರೆ ಒಣಗಿದಾಗ ಇಟ್ಟಿಗೆಯಂತಾಗುತ್ತದೆ.

ಮೊದಲು ತಾರಸಿ ನೀರು ಎಲ್ಲಿ ಬೀಳುತ್ತಿದೆ ನೋಡಿ. 50 ಮಿ.ಮೀ. ಮಳೆಗೆ ನಿಮ್ಮ ಹಿತ್ತಲ 300 ಚದರಡಿಯಲ್ಲಿ ಬೀಳುವುದು ಸುಮಾರು 1,400 ಲೀಟರ್. 1,000 ಚದರಡಿ ತಾರಸಿಯ ಕೊಳವೆ ಅಲ್ಲೇ ಬಾಯಿ ಬಿಟ್ಟಿದ್ದರೆ ಇನ್ನೂ 4,600 ಲೀಟರ್ ಸೇರುತ್ತದೆ. ಆ ಕೊಳವೆಯನ್ನು ಮುಚ್ಚಿದ ಪೈಪಿನಲ್ಲಿ ನೇರ ಗಟಾರಕ್ಕೆ ಒಯ್ದರೆ ಅರ್ಧಕ್ಕಿಂತ ಹೆಚ್ಚು ತೊಂದರೆ ಅಲ್ಲಿಗೇ ತೀರುತ್ತದೆ.

ಆಮೇಲೆ ಇಳಿಜಾರು: ಮನೆಯಿಂದ ಕಾಂಪೌಂಡಿನ ಕಡೆಗೆ 15 ಅಡಿಗೆ 3 ಇಂಚು. ಕಾಂಪೌಂಡಿನ ಪಕ್ಕ 1 ಅಡಿ ಅಗಲದ ಕಾಲುವೆ ತೋಡಿ, 110 ಮಿ.ಮೀ. ತೂತಿನ ಪಿವಿಸಿ ಪೈಪನ್ನು ತೂತು ಕೆಳಮುಖವಾಗಿ ಇಡಿ. 20 ಅಡಿ ಉದ್ದಕ್ಕೆ ಎರಡೂವರೆ ಇಂಚು ಇಳಿಜಾರು ಸಾಕು. ಸುತ್ತ ತೊಳೆದ 20 ಮಿ.ಮೀ. ಜಲ್ಲಿ. ಜಿಯೊಟೆಕ್ಸ್‌ಟೈಲ್ ಬಟ್ಟೆಯನ್ನು (ನೀರು ಬಿಟ್ಟು ಮಣ್ಣು ತಡೆಯುವ ಸೋಸುಬಟ್ಟೆ) ಪೈಪಿಗೆ ಸುತ್ತಬೇಡಿ, ಎರೆಯ ನುಣುಪು ಮಣ್ಣಿಗೆ ಬೇಗ ಕಟ್ಟಿಕೊಳ್ಳುತ್ತದೆ. ಕಾಲುವೆಯ ಗೋಡೆಗೆ ಹಾಸಿ, ಜಲ್ಲಿಯನ್ನೇ ಪೊಟ್ಟಣದಂತೆ ಸುತ್ತಿ. ಚದರ ಮೀಟರಿಗೆ 150–200 ಗ್ರಾಂ (ಜಿಎಸ್‌ಎಂ) ತೂಕದ ನೇಯದ ಬಟ್ಟೆ ತನ್ನಿ.

ಉತ್ತರ 2

ಮೇಲಿನದಕ್ಕೆ ಒಂದು ಮುಖ್ಯ ತಿದ್ದುಪಡಿ. ಇದು ಬರೀ ಜಿಗುಟು ಮಣ್ಣಲ್ಲ. ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಮಣ್ಣು. ಮನೆಯ ಪಾಯದ ಪಕ್ಕ ಜಲ್ಲಿ ತುಂಬಿ ನೀರು ಇಂಗಲು ಬಿಟ್ಟರೆ ಗೋಡೆ ಬಿರುಕು ಬಿಡುತ್ತದೆ. ಇಂಗುಗುಂಡಿಯ ಯೋಚನೆಯನ್ನೂ ಬಿಡಿ. ಇಲ್ಲಿ ನೀರನ್ನು ಇಂಗಿಸದೆ ಹೊರಗೆ ಸಾಗಿಸಬೇಕು.

ಹಾಗಾಗಿ ಇಳಿಜಾರು ಮಾಡಿದ ಎರೆಯ ಮೇಲೆ 250 ಮೈಕ್ರಾನ್ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ. ಹೆಂಚು ಹೊದಿಸುವಂತೆ ಮೇಲಿನ ಹಾಳೆ ಕೆಳಗಿನದರ ಮೇಲೆ 1 ಅಡಿ ಬರಲಿ, ತುದಿ ಕಾಲುವೆಯೊಳಗೆ ಇಳಿಯಲಿ. ಕಲ್ಲು ಚುಚ್ಚದಂತೆ ಹಾಳೆಯ ಮೇಲೆ ಜಿಯೊಟೆಕ್ಸ್‌ಟೈಲ್. ಅದರ ಮೇಲೆ 4 ಇಂಚು 20 ಮಿ.ಮೀ. ಜಲ್ಲಿ, ಲೆಕ್ಕಕ್ಕೆ ಸರಿಯಾಗಿ 1 ಬ್ರಾಸ್ (100 ಘನ ಅಡಿ). ಮೇಲೆ 1 ಇಂಚು 6 ಮಿ.ಮೀ. ಚಿಪ್ಸ್ (ಸಣ್ಣ ಜಲ್ಲಿ), 25 ಘನ ಅಡಿ. ಕೂರುವಾಗ ಕುಗ್ಗುವುದರಿಂದ ಎರಡನ್ನೂ ಹತ್ತನೇ ಒಂದು ಪಾಲು ಹೆಚ್ಚು ತರಿಸಿ. ಕ್ರಷರ್ ಪುಡಿ ಮಾತ್ರ ಬೇಡ. ಹತ್ತಿರ ಮರವಿದ್ದರೆ ಬುಡದ ಸುತ್ತ ಹಾಳೆ ಬಿಟ್ಟುಬಿಡಿ.

ನಡುಬೇಸಿಗೆಯಲ್ಲಿ ಬಿರುಕು ಬಾಯ್ದೆರೆದಿರುವಾಗ ಹಾಗೆಯೇ ಹಾಸಬೇಡಿ. ಎರಡು ಮೂರು ದಿನ ನೀರು ಚಿಮುಕಿಸಿ, ಬಿರುಕು ಕೂಡಿದ ಮೇಲೆ ಪ್ಲೇಟ್ ಕಂಪ್ಯಾಕ್ಟರ್ (ನೆಲ ದಮ್ಮಸು ಮಾಡುವ ಯಂತ್ರ) ಓಡಿಸಿ.

ಪ್ರಶ್ನೆ ಕೇಳಿದವರು

ತಾರಸಿಯ ಒಂದು ಕೊಳವೆ ಹಿತ್ತಲಿಗೇ ಬೀಳುತ್ತದೆ, ಅದನ್ನು ತಿರುಗಿಸುತ್ತೇನೆ. ಆದರೆ ಜಲ್ಲಿ, ಚಿಪ್ಸ್, ಹುಲ್ಲು ಸೇರಿದ ಪದರಗಳಿಗೆ 6 ಇಂಚು ಅಗೆದು, ಇಳಿಜಾರು ಕೊಟ್ಟು, ಅದರ ಕೆಳಗೆ ಪೈಪ್ ಇಟ್ಟರೆ ಅದು ಗಟಾರಕ್ಕಿಂತ ಕೆಳಗೆ ಹೋಗುವುದಿಲ್ಲವೇ?

ಉತ್ತರ 2

ಹೋಗುತ್ತದೆ, ಸರಿಯಾಗಿ ಗಮನಿಸಿದ್ದೀರಿ. ಮನೆ ಬದಿಯ ಹುಲ್ಲಿನ ಮಟ್ಟದಿಂದ ಎಣಿಸಿ: ಇಳಿಜಾರು 3, ಪದರಗಳು 6, ಕಾಲುವೆ 7, ಪೈಪಿನ ಇಳಿಜಾರು ಎರಡೂವರೆ, ಒಟ್ಟು ಹದಿನೆಂಟೂವರೆ ಇಂಚು. ಪೈಪಿನ ಬಾಯಿ ಗಟಾರದ ತಳಕ್ಕಿಂತ ಒಂದೂವರೆ ಇಂಚಾದರೂ ಮೇಲಿರಬೇಕು, ಅಂದರೆ ನಿಮಗೆ ಸಿಗುವುದು ಹನ್ನೆರಡೂವರೆ. ಕೊರತೆ 6 ಇಂಚು. ಅದಕ್ಕೆ ಅಗೆಯುವ ಬದಲು ಏರಿಸಿ. ಮನೆ ಬದಿಯಲ್ಲಿ ಕಳೆ ಕೆರೆದು ಬಿಡಿ, ಕಾಂಪೌಂಡಿನ ಬದಿಗೆ ಮಾತ್ರ 3 ಇಂಚು ಕಡಿಯಿರಿ. ಹುಲ್ಲು ಈಗಿನ ನೆಲಕ್ಕಿಂತ 6 ಇಂಚು ಮೇಲೆ ಬಂದರೂ ಪ್ಲಿಂತಿನಲ್ಲಿ 18 ಇಂಚು ಉಳಿಯುತ್ತದೆ, ಗೋಡೆಗೆ ತೇವ ಏರುವ ಭಯವಿಲ್ಲ. ಮಟ್ಟವನ್ನು ಕಣ್ಣಳತೆಗೆ ಬಿಡದೆ ನೀರು ತುಂಬಿದ ಟ್ಯೂಬಿನಿಂದ ನೋಡಿ. ಗಟಾರ ತುಂಬಿದಾಗ ನೀರು ಒಳಗೆ ಬರದಂತೆ ಪೈಪಿನ ಬಾಯಿಗೆ ಫ್ಲಾಪ್ ಕವಾಟ ಬೇಕೇ ಬೇಕು.

ಉತ್ತರ 3

ಹುಲ್ಲಿನ ಬಗ್ಗೆ. ರೋಲ್ ಅಗಲ ಸಾಮಾನ್ಯವಾಗಿ 2 ಮೀಟರ್. ಮೂರು ಪಟ್ಟಿಗೆ 19 ಅಡಿ 8 ಇಂಚು ಆಗುತ್ತದೆ. ಉಳಿದ 4 ಇಂಚಿಗೆ ನಾಲ್ಕನೇ ಪಟ್ಟಿ ಕೊಳ್ಳಬೇಡಿ, ಶಹಾಬಾದ್ ಕಲ್ಲಿನ ಅಂಚು ಕೊಡಿ. ಮೂರೂ ಪಟ್ಟಿಯ ಎಳೆ ಒಂದೇ ದಿಕ್ಕಿಗೆ ವಾಲಿರಬೇಕು, ಇಲ್ಲದಿದ್ದರೆ ಬಣ್ಣ ಬೇರೆ ಬೇರೆ ಕಾಣುತ್ತದೆ. ಬಿಡಿ ಚಿಪ್ಸ್‌ನಲ್ಲಿ ಮೊಳೆ ಹಿಡಿಯುವುದಿಲ್ಲ. ಸುತ್ತ ಕಾಂಕ್ರೀಟ್ ಅಂಚು ಕಟ್ಟಿ, ಅದಕ್ಕೆ ಅಂಟಿಸಿ. ಕಾಂಪೌಂಡಿನ ಬದಿಯ ಅಂಚು ಕಾಲುವೆಯ ಆಚೆಗಿರಲಿ, ನೀರಿಗೆ ಅಡ್ಡ ಬರಬಾರದು. ಸಿಲಿಕಾ ಮರಳು ಚದರ ಮೀಟರಿಗೆ 5–6 ಕೆ.ಜಿ. ಉದುರಿಸಿ.

ಏಪ್ರಿಲ್, ಮೇ ಬಿಸಿಲಿಗೆ ಈ ಹುಲ್ಲು 60 ಡಿಗ್ರಿ ದಾಟಬಲ್ಲದು, ಮಕ್ಕಳು ಬರಿಗಾಲಲ್ಲಿ ಓಡಾಡುವಂತಿಲ್ಲ. ತಾರಸಿ ನೀರು ತಿರುಗಿಸಿ, ಪೈಪ್ ಹಾಕಿ, ಜಲ್ಲಿಯವರೆಗೆ ಮುಗಿಸಿ ಒಂದು ಮಳೆ ನೋಡಿ. ಬಕೆಟ್ ಬಕೆಟ್ ನೀರು ಸುರಿದಾಗ ಪೈಪಿನ ಬಾಯಲ್ಲಿ ಬರದಿದ್ದರೆ ಹುಲ್ಲು ಹಾಸುವ ಮೊದಲೇ ಬಿಚ್ಚಿ ಸರಿಮಾಡಬಹುದು.