ಹಳೇ ಟಿವಿ ಟ್ಯೂನರ್ ಕಾರ್ಡಿನಲ್ಲಿ ಚಂದನ ರೆಕಾರ್ಡ್ ಮಾಡಬೇಕು, ಅನುಭವ ಇದ್ದವರು ಹೇಳಿ

ಕುಮಟಾ ಹುಡುಗಿ:
ಎಲ್ಲರಿಗೂ ನಮಸ್ಕಾರ. ನನ್ನಪ್ಪ ಮದ್ದಳೆಗಾರರು. ಅವರು ಮದ್ದಳೆ ಬಾರಿಸಿರುವ ತಾಳಮದ್ದಳೆ ಮುಂದಿನ ತಿಂಗಳು ಚಂದನದಲ್ಲಿ ಬರುತ್ತದೆ, ಎರಡು ಗಂಟೆ ಹತ್ತಿರ ಇದೆಯಂತೆ. ಅದನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳಲೇಬೇಕು. ಮನೆಯಲ್ಲಿ ಅಣ್ಣನ ಹಳೇ ಕಂಪ್ಯೂಟರ್ ಇದೆ, ವಿಂಡೋಸ್ ಎಕ್ಸ್‌ಪಿ, ಒಳಗೆ ಟಿವಿ ಟ್ಯೂನರ್ ಕಾರ್ಡ್ ಕೂಡ ಇದೆ. ಆಗೆಲ್ಲ ಕೇಬಲ್ ವೈರನ್ನು ನೇರ ಅದಕ್ಕೇ ಸಿಕ್ಕಿಸಿ ಕ್ರಿಕೆಟ್ ನೋಡುತ್ತಿದ್ದೆವು. ಈಗ ಮನೆಯಲ್ಲಿರುವುದು ಡಿಟಿಎಚ್. ಚಾನೆಲ್ ಸ್ಕ್ಯಾನ್ ಕೊಟ್ಟರೆ ಬರೀ ಚುಕ್ಕೆ ಚುಕ್ಕೆ, ಒಂದು ಚಾನೆಲ್ಲೂ ಸಿಗುತ್ತಿಲ್ಲ. ಕಾರ್ಡ್ ಹಾಳಾಗಿದೆಯಾ? ಇದರಲ್ಲೇ ಆಗುತ್ತದಾ, ಬೇರೆ ಏನಾದರೂ ತಗೋಬೇಕಾ? ಚಂದನದವರೇ ಯೂಟ್ಯೂಬಿಗೆ ಹಾಕುತ್ತಾರೆ ಅಂತ ಕೆಲವರು ಹೇಳಿದರು. ಹಾಕಿದರೆ ಸಂತೋಷ, ಆದರೆ ಅದನ್ನೇ ನಂಬಿ ಕೂರೋಕೆ ನನಗೆ ಧೈರ್ಯ ಇಲ್ಲ.

ದಾವಣಗೆರೆ ಕೇಬಲ್:
ಕಾರ್ಡ್ ಹಾಳಾಗಿಲ್ಲ ತಂಗಿ, ಅದು ಹಿಡಿಯುವ ಸಿಗ್ನಲ್ಲೇ ಈಗ ಊರಲ್ಲಿಲ್ಲ. ನಾನು ಕೇಬಲ್ ಲೈನಿನಲ್ಲಿ ಕೆಲಸ ಮಾಡಿದವನು. ಮೊದಲು ವೈರಿನಲ್ಲಿ ಬರುತ್ತಿದ್ದದ್ದು ಅನಲಾಗ್, ಟಿವಿಗೆ ಹಾಕಿದರೂ ಬರುತ್ತಿತ್ತು, ನಿಮ್ಮ ಕಾರ್ಡಿಗೆ ಹಾಕಿದರೂ ಬರುತ್ತಿತ್ತು. ಬೆಂಗಳೂರು, ಮೈಸೂರಿಗೆ ಡಿಜಿಟಲ್ ಮಾಡಲು ಕೊಟ್ಟ ಗಡುವು 2013ರ ಮಾರ್ಚ್ 31. ಸಣ್ಣ ಊರು, ಹಳ್ಳಿಗಳದ್ದು ಎಳೆದು ಎಳೆದು 2017ರ ಮಾರ್ಚ್‌ವರೆಗೆ ಹೋಯಿತು. ಈಗ ಕೇಬಲ್ಲಿನಲ್ಲೂ ಬರುವುದು ಡಿಜಿಟಲ್ಲೇ, ಬಾಕ್ಸ್ ಇಲ್ಲದೆ ತೆರೆಯುವುದಿಲ್ಲ. ದೂರದರ್ಶನದ ಹಳೇ ಅನಲಾಗ್ ಟವರ್‌ಗಳನ್ನೂ ಬಹುತೇಕ ನಿಲ್ಲಿಸಿದ್ದಾರೆ, ಹಾಗಾಗಿ ಆಂಟೆನಾ ಕಟ್ಟಿದರೂ ಪ್ರಯೋಜನ ಇಲ್ಲ.

ಡಿಶ್ ವೈರನ್ನು ತಂದು ಕಾರ್ಡಿಗೆ ಸಿಕ್ಕಿಸಬೇಡಿ. ಆ ವೈರಿನಲ್ಲಿ ಬರುವುದು 950ರಿಂದ 2150 ಮೆಗಾಹರ್ಟ್ಸ್, ನಿಮ್ಮ ಟ್ಯೂನರ್ ಕೇಳಿಸಿಕೊಳ್ಳುವುದು ಹೆಚ್ಚೆಂದರೆ 860ರವರೆಗೆ. ಮೇಲಾಗಿ ಬಾಕ್ಸಿನಿಂದ ಡಿಶ್ ಕಡೆಗೆ ಅದೇ ವೈರಿನಲ್ಲಿ 13, 18 ವೋಲ್ಟ್ ಹೋಗುತ್ತಿರುತ್ತದೆ.

ಕಾರ್ಡಿನ ಹಿಂಭಾಗ ನೋಡಿ. ಆಂಟೆನಾ ತೂತಿನ ಹತ್ತಿರ ಹಳದಿ ಬಣ್ಣದ ಆರ್‌ಸಿಎ ಜಾಕ್ ಇದೆಯಾ? ಇದ್ದರೆ ನಿಮ್ಮ ಕೆಲಸ ಆಯಿತು.

ಕುಮಟಾ ಹುಡುಗಿ:
ಇದೆ ಅಣ್ಣ, ಹಳದಿ ಒಂದು, ಪಕ್ಕದಲ್ಲಿ ಕಪ್ಪು ದುಂಡನೆಯದು ನಾಲ್ಕು ತೂತಿನದ್ದು, ಮತ್ತೆ ಇಯರ್‌ಫೋನ್ ಹಾಕುವಂಥ ಸಣ್ಣ ತೂತು. ಕಾರ್ಡ್ ಮೇಲೆ ಫಿಲಿಪ್ಸ್ ಎಸ್‌ಎಎ7134 ಅಂತ ಬರೆದಿದೆ.

ಹಾಸನದ ಮೇಷ್ಟ್ರು:
ಒಳ್ಳೇ ಚಿಪ್ ಮೇಡಂ, ಎಸೆಯಬೇಡಿ. ನಾನು ಶಾಲೆಯ ಹಳೇ ವಿಎಚ್‌ಎಸ್ ಕ್ಯಾಸೆಟ್‌ಗಳನ್ನೆಲ್ಲ ಇದೇ ಚಿಪ್ಪಿನ ಕಾರ್ಡಿನಲ್ಲಿ ಕಂಪ್ಯೂಟರಿಗೆ ಇಳಿಸಿದ್ದೇನೆ. ಡಿಟಿಎಚ್ ಬಾಕ್ಸಿನ ಎವಿ ಔಟ್‌ನಿಂದ ಹಳದಿ ವೈರ್ ತಂದು ಹಳದಿಗೇ ಹಾಕಿ. ಚಾನೆಲ್ ಬದಲಿಸುವ ಕೆಲಸ ಬಾಕ್ಸಿನದು, ಕಾರ್ಡ್ ಸುಮ್ನೆ ಬಂದ ಚಿತ್ರವನ್ನು ತಗೊಳ್ಳುತ್ತದೆ. ಸಾಫ್ಟ್‌ವೇರಿನಲ್ಲಿ ಇನ್‌ಪುಟ್ ಅನ್ನು ಟಿವಿ ಬಿಟ್ಟು ಕಾಂಪೋಸಿಟ್ ಮಾಡಿ, ಸ್ಟ್ಯಾಂಡರ್ಡ್ ಪಾಲ್ ಬಿ (ನಮ್ಮ ದೇಶದ ಟಿವಿ ಪದ್ಧತಿ) ಇರಲಿ, ಸೈಜ್ 720 ಗುಣಿಸು 576. ಇದಕ್ಕಿಂತ ಜಾಸ್ತಿ ಕೊಟ್ಟರೆ ಚಿತ್ರ ಚೆನ್ನಾಗಿ ಆಗುವುದಿಲ್ಲ, ಫೈಲ್ ಮಾತ್ರ ದಪ್ಪ ಆಗುತ್ತದೆ.

ಹೆಚ್ಚು ಜನ ಒದ್ದಾಡುವುದು ಧ್ವನಿಯಲ್ಲಿ. ಹಳದಿ ವೈರಿನಲ್ಲಿ ಚಿತ್ರ ಮಾತ್ರ ಬರುತ್ತದೆ. ಬಾಕ್ಸಿನ ಕೆಂಪು, ಬಿಳಿ ಎರಡನ್ನೂ ಸೇರಿಸಿ ಒಂದು 3.5 ಎಂಎಂ ಪಿನ್ ಆಗುವ ವೈರ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಕಂಪ್ಯೂಟರಿನ ಹಿಂದೆ ತಿಳಿನೀಲಿ ಬಣ್ಣದ ಲೈನ್ ಇನ್‌ಗೆ ಹಾಕಿ. ಗುಲಾಬಿ ಬಣ್ಣದ್ದು ಮೈಕ್, ಅದಕ್ಕೆ ಹಾಕಬಾರದು. ಮೈಕ್ ತೂತು ಸಣ್ಣ ಸಿಗ್ನಲ್ಲಿಗೆ ಅಂತ ಮಾಡಿರುವುದು, ಬಾಕ್ಸಿನ ಜೋರು ಧ್ವನಿ ಅಲ್ಲಿ ಒಡೆದುಹೋಗುತ್ತದೆ. ಮದ್ದಳೆ, ಚಂಡೆ ಇರುವ ಕಾರ್ಯಕ್ರಮ ಅಲ್ವಾ, ಒಡೆದರೆ ಕೇಳಲಾಗುವುದಿಲ್ಲ. ರೆಕಾರ್ಡಿಂಗ್ ಕಂಟ್ರೋಲಿನಲ್ಲಿ ಲೈನ್ ಇನ್ ಒಂದಕ್ಕೇ ಟಿಕ್ ಹಾಕಿ, ಜೋರಾಗಿ ಬಾರಿಸುವ ಭಾಗ ಬಂದಾಗಲೂ ಮೀಟರ್ ಕೆಂಪಿಗೆ ಹೋಗದಷ್ಟು ಇಳಿಸಿ. ಕಡಿಮೆ ಧ್ವನಿಯನ್ನು ಆಮೇಲೆ ಏರಿಸಬಹುದು, ಒಡೆದದ್ದನ್ನು ಸರಿ ಮಾಡಲು ಆಗುವುದಿಲ್ಲ.

ಕುಮಟಾ ಹುಡುಗಿ:
ಮೇಷ್ಟ್ರೇ, ಚಿತ್ರ ಬಂತು! ತುಂಬಾ ಥ್ಯಾಂಕ್ಸ್. ಆದರೆ ಕಪ್ಪು ಬಿಳುಪು ಬರುತ್ತಿದೆ, ಟಿವಿಯಲ್ಲಿ ಬಣ್ಣ ಸರಿಯಾಗಿದೆ. ಇನ್ನೊಂದು, ಪರೀಕ್ಷೆಗೆ ಅಂತ ಒಂದು ಸಿನಿಮಾ ರೆಕಾರ್ಡ್ ಹಾಕಿ ಬಿಟ್ಟಿದ್ದೆ, ಒಂದೂವರೆ ಗಂಟೆಗೆ ತಾನೇ ನಿಂತುಹೋಗಿದೆ.

ದಾವಣಗೆರೆ ಕೇಬಲ್:
ಇನ್‌ಪುಟ್ ಎಸ್-ವಿಡಿಯೋ ಅಂತ ಇದೆಯಾ ನೋಡಿ, ಅದು ಆ ಕಪ್ಪು ನಾಲ್ಕು ತೂತಿನ ಜಾಕಿನದು. ಹಳದಿ ವೈರ್ ಹಾಕಿ ಎಸ್-ವಿಡಿಯೋ ಆರಿಸಿದರೆ ಬಣ್ಣ ಹೋಗುತ್ತದೆ. ಅದು ಸರಿ ಇದ್ದರೆ ಸ್ಟ್ಯಾಂಡರ್ಡ್ ಎನ್‌ಟಿಎಸ್‌ಸಿ (ಅಮೆರಿಕದ ಪದ್ಧತಿ) ಆಗಿರಬೇಕು, ಪಾಲ್ ಮಾಡಿ.

ಹಾಸನದ ಮೇಷ್ಟ್ರು:
ಒಂದೂವರೆ ಗಂಟೆಗೆ ನಿಂತಿದ್ದು ಕಾರ್ಡಿನ ದೋಷ ಅಲ್ಲ, ಹಾರ್ಡ್ ಡಿಸ್ಕ್ ಫ್ಯಾಟ್32 ಇರಬೇಕು, ಅದು ಡಿಸ್ಕಿನಲ್ಲಿ ಫೈಲ್ ಇಡುವ ಹಳೇ ಪದ್ಧತಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಎಂಪೆಗ್-2ನಲ್ಲಿ ಸೆಕೆಂಡಿಗೆ 6 ಮೆಗಾಬಿಟ್ ಇಟ್ಟರೆ ಗಂಟೆಗೆ ಸುಮಾರು 2.7 ಜಿಬಿ, ಅಂದರೆ ಒಂದೂವರೆ ಗಂಟೆ ಆಗುತ್ತಿದ್ದ ಹಾಗೆ 4 ಜಿಬಿ ತುಂಬುತ್ತದೆ. ನಿಮ್ಮ ಅಪ್ಪನ ಕಾರ್ಯಕ್ರಮ ಎರಡು ಗಂಟೆ, ಕೊನೆಯ ಅರ್ಧ ಗಂಟೆ ಹೋಗಿಬಿಡುತ್ತಿತ್ತು. ಪರೀಕ್ಷೆ ಮಾಡಿದ್ದು ಬಹಳ ಒಳ್ಳೆಯದಾಯಿತು. ಡ್ರೈವಿನ ಪ್ರಾಪರ್ಟೀಸ್ ತೆಗೆದರೆ ಫೈಲ್ ಸಿಸ್ಟಮ್ ಯಾವುದು ಅಂತ ಕಾಣುತ್ತದೆ. ಎಕ್ಸ್‌ಪಿಯಲ್ಲೇ ಕನ್ವರ್ಟ್ ಅನ್ನುವ ಕಮಾಂಡ್ ಇದೆ, ಇರುವ ಫೈಲ್ ಅಳಿಸದೆ ಎನ್‌ಟಿಎಫ್‌ಎಸ್ ಮಾಡುತ್ತದೆ, ಅದರಲ್ಲಿ ಈ 4 ಜಿಬಿ ಮಿತಿ ಇಲ್ಲ. ಆದರೂ ಫೋಟೋ ಗೀಟೋ ಇದ್ದರೆ ಮೊದಲು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಫಾರ್ಮ್ಯಾಟ್ ಎಂಪೆಗ್-2 ಇರಲಿ. ಎಚ್.264 ಚಿಕ್ಕ ಫೈಲ್ ಕೊಡುತ್ತದೆ ನಿಜ, ಆದರೆ ಹಳೇ ಪ್ರೊಸೆಸರಿಗೆ ಓಡುತ್ತಿರುವಾಗಲೇ ಅಷ್ಟು ಲೆಕ್ಕ ಮಾಡೋಕೆ ಆಗದೆ ಮಧ್ಯೆ ಮಧ್ಯೆ ಫ್ರೇಮ್ ಬಿಟ್ಟುಬಿಡುತ್ತದೆ. ಏನೂ ಕುಗ್ಗಿಸದೆ ಇಳಿಸುತ್ತೇನೆ ಅಂದರೆ ಗಂಟೆಗೆ 75 ಜಿಬಿ ಹತ್ತಿರ ಬೇಕು, ಅದೂ ನಿಮ್ಮ ಡಿಸ್ಕಿಗೆ ಆಗದ ಮಾತು.

ಪೆಂಗ್ವಿನ್ ಮನೆ:
ಎಕ್ಸ್‌ಪಿ ಕಂಪ್ಯೂಟರ್ ಕೈ ಕೊಟ್ಟರೆ ಗಾಬರಿ ಆಗಬೇಡಿ. ಹೊಸ ವಿಂಡೋಸಿಗೆ ಇಂಥ ಎಷ್ಟೋ ಹಳೇ ಕಾರ್ಡುಗಳ ಡ್ರೈವರ್ ಬರಲೇ ಇಲ್ಲ. ಲಿನಕ್ಸಿನಲ್ಲಿ ಈ ಚಿಪ್ಪಿನ ಡ್ರೈವರ್ ಕರ್ನಲ್ಲಿನಲ್ಲೇ (ಅದರ ಮೂಲ ಭಾಗದಲ್ಲೇ) ಇದೆ, ಬಿಟಿ878 ಚಿಪ್ಪಿನದ್ದೂ ಇದೆ. ಹೆಸರಿಲ್ಲದ ಕಂಪನಿಯ ಕಾರ್ಡಾದರೆ ಯಾವ ಮಾಡೆಲ್ ಅಂತ ಡ್ರೈವರಿಗೆ ಗೊತ್ತಾಗದೆ ಇನ್‌ಪುಟ್ ಹೆಸರುಗಳು ಅದಲುಬದಲಾಗುತ್ತವೆ, ಆಗ ಕಾರ್ಡ್ ನಂಬರನ್ನು ನಾವೇ ಕೊಡಬೇಕು. ಎವಿ ಇನ್ ಮಾತ್ರ ಬಳಸುವವರಿಗೆ ಟ್ಯೂನರ್ ನಂಬರ್ ತಪ್ಪಿದ್ದರೂ ತೊಂದರೆ ಇಲ್ಲ. ವಿಎಲ್‌ಸಿಯಲ್ಲಿ ಕ್ಯಾಪ್ಚರ್ ಡಿವೈಸ್ ತೆರೆದರೆ ಚಿತ್ರ ಬರುತ್ತದೆ.

ಒಂದು ಮಾತು ಮೇಷ್ಟ್ರು ಬಿಟ್ಟಿದ್ದಾರೆ. ಚಿತ್ರ ಟ್ಯೂನರ್ ಕಾರ್ಡಿನಿಂದ, ಧ್ವನಿ ಸೌಂಡ್ ಕಾರ್ಡಿನಿಂದ ಬರುವಾಗ ಎರಡರ ಗಡಿಯಾರವೂ ಬೇರೆ ಬೇರೆ. ಶುರುವಿನಲ್ಲಿ ಸರಿಯಾಗೇ ಇರುತ್ತದೆ, ಗಂಟೆ ಕಳೆಯುವಷ್ಟರಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ನಿಮ್ಮದರಲ್ಲಂತೂ ಅಪ್ಪನ ಕೈ ಬೀಳುವುದೂ ಮದ್ದಳೆ ಕೇಳುವುದೂ ಬೇರೆ ಬೇರೆ ಆದರೆ ಬೇಜಾರಾಗುತ್ತದೆ. 7134 ಚಿಪ್ ಧ್ವನಿಯನ್ನೂ ತಾನೇ ತಗೊಳ್ಳಬಲ್ಲದು. ಕಾರ್ಡ್ ಹಿಂದಿನ ಸಣ್ಣ ತೂತು ಆಡಿಯೋ ಇನ್ ಆಗಿದ್ದರೆ ಧ್ವನಿಯನ್ನು ಅಲ್ಲಿಗೇ ಕೊಟ್ಟು ನೋಡಿ. ಅದು ಆಡಿಯೋ ಔಟ್ ಆಗಿದ್ದರೆ ಲೈನ್ ಇನ್ ಬಿಟ್ಟು ಬೇರೆ ದಾರಿ ಇಲ್ಲ, ಆಮೇಲೆ ಎಡಿಟಿಂಗಿನಲ್ಲಿ ಧ್ವನಿಯನ್ನು ಕೂದಲೆಳೆಯಷ್ಟು ಹಿಗ್ಗಿಸಿ ಕೂರಿಸಬೇಕಾಗುತ್ತದೆ.

ಎಸ್‌ಪಿ ರೋಡ್ ಸುತ್ತಾಟ:
ಇಷ್ಟೆಲ್ಲ ಯಾಕೆ, ಎಚ್‌ಡಿಎಂಐ ಕ್ಯಾಪ್ಚರ್ ಸ್ಟಿಕ್ ತಗೊಂಡು ಲ್ಯಾಪ್‌ಟಾಪಿಗೆ ಹಾಕಿ ಅನ್ನುವವರು ಬರುತ್ತಾರೆ, ದುಡ್ಡು ಕೊಡುವ ಮೊದಲು ಕೇಳಿ. ಡಿಟಿಎಚ್ ಬಾಕ್ಸಿನ ಎಚ್‌ಡಿಎಂಐಗೆ ಸಾಮಾನ್ಯವಾಗಿ ಎಚ್‌ಡಿಸಿಪಿ ಅನ್ನುವ ಕಾಪಿ ತಡೆಯುವ ಬೀಗ ಇರುತ್ತದೆ, ಸ್ಟಿಕ್ಕಿನಲ್ಲಿ ಕಪ್ಪು ಪರದೆ ಮಾತ್ರ ಬರುತ್ತದೆ. ಎವಿ ಔಟ್‌ಗೆ ಆ ಬೀಗ ಇಲ್ಲ. ಹಳೇ ಕಂಪ್ಯೂಟರ್ ಸತ್ತರೆ ಎವಿ ಹಾಕುವ ಯುಎಸ್‌ಬಿ ಕ್ಯಾಪ್ಚರ್ ತಗೊಳ್ಳಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಈಸಿಕ್ಯಾಪ್ ಅಂತ ಕೇಳಿದರೆ ಕೊಡುತ್ತಾರೆ. ಆದರೆ ಒಂದೇ ಡಬ್ಬಿಯೊಳಗೆ ಬೇರೆ ಬೇರೆ ಚಿಪ್ ಇರುತ್ತವೆ, ಅದಕ್ಕೇ ನಿಮ್ಮ ಲ್ಯಾಪ್‌ಟಾಪನ್ನೇ ಅಂಗಡಿಗೆ ಒಯ್ದು ಹಾಕಿ ನೋಡಿ ತಗೊಳ್ಳಿ.

ಈಗಿನ ಬಾಕ್ಸುಗಳಲ್ಲಿ ಮೂರು ಬಣ್ಣದ ಜಾಕ್ ಬದಲು ಒಂದೇ 3.5 ಎಂಎಂ ತೂತು ಇರುತ್ತದೆ. ಅದರ ವೈರನ್ನು ಬಾಕ್ಸಿನ ಜೊತೆ ಬಂದದ್ದೇ ಬಳಸಿ. ಬೇರೆ ವೈರುಗಳಲ್ಲಿ ಒಳಗಿನ ಜೋಡಣೆ ಬೇರೆ ಇರುತ್ತದೆ, ಹಳದಿ ತುದಿಯಲ್ಲಿ ಧ್ವನಿ ಬರುವುದೂ ಉಂಟು.

ತೀರ್ಥಹಳ್ಳಿ ಮಳೆ:
ನಾನು ಬೇರೆ ದಾರಿ ಹೇಳುತ್ತೇನೆ ಅಕ್ಕ. ಚಂದನ ಡಿಡಿ ಫ್ರೀ ಡಿಶ್‌ನಲ್ಲಿ ಉಚಿತ. ನಮ್ಮನೆಯಲ್ಲಿ ಅದೇ ಇರುವುದು. ಫ್ರೀ ಟು ಏರ್ ಬಾಕ್ಸ್ ತಗೊಳ್ಳುವಾಗ ಯುಎಸ್‌ಬಿ ರೆಕಾರ್ಡಿಂಗ್ ಇರುವುದನ್ನೇ ಕೇಳಿ ತಗೊಳ್ಳಿ, ಪೆನ್ ಡ್ರೈವ್ ಸಿಕ್ಕಿಸಿ ರಿಮೋಟಿನಲ್ಲಿ ರೆಕ್ ಒತ್ತಿದರೆ ಸಾಕು. ಎವಿ ವೈರಿನಲ್ಲಿ ತಗೊಂಡರೆ ಚಿತ್ರ ಒಮ್ಮೆ ಬಿಚ್ಚಿ, ಅನಲಾಗ್ ಆಗಿ, ಮತ್ತೆ ಕಂಪ್ಯೂಟರಿನಲ್ಲಿ ಕುಗ್ಗುತ್ತದೆ. ಇಲ್ಲಿ ಹಾಗಲ್ಲ, ಉಪಗ್ರಹದಿಂದ ಬಂದ ಡೇಟಾ ಹಾಗೇ ಪೆನ್ ಡ್ರೈವಿಗೆ ಇಳಿಯುತ್ತದೆ. ಧ್ವನಿ ಜಾರುವ ತಾಪತ್ರಯವೂ ಇಲ್ಲ. ದುಡ್ಡು ಕಟ್ಟುವ ಡಿಟಿಎಚ್‌ನ ಬಾಕ್ಸುಗಳಲ್ಲೂ ರೆಕಾರ್ಡಿಂಗ್ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಆ ಬಾಕ್ಸಿನಲ್ಲಿ ಬಿಟ್ಟರೆ ಬೇರೆಲ್ಲೂ ಓಡುವುದಿಲ್ಲ, ಬಾಕ್ಸ್ ಕೆಟ್ಟರೆ ರೆಕಾರ್ಡೂ ಹೋಯಿತು.

ಫ್ರೀ ಡಿಶ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ. ನಿಮ್ಮ ಕರಾವಳಿಯಿಂದ ಆಗ್ನೇಯಕ್ಕೆ ಸಾಕಷ್ಟು ಎತ್ತರದಲ್ಲಿ ಸಿಗುತ್ತದೆ, ಆ ಕಡೆ ತೆಂಗಿನ ಮರ ಅಡ್ಡ ಇಲ್ಲದ ಜಾಗ ನೋಡಿ. ಈಗಿರುವ ಡಿಶ್ಶನ್ನು ತಿರುಗಿಸಬೇಡಿ, ಇನ್ನೊಂದು ಸಣ್ಣ ಡಿಶ್ ಹಾಕಿಸಿ, ಎರಡೂ ಕಡೆ ರೆಕಾರ್ಡ್ ಆಗಲಿ.

ಮಳೆಗಾಲ ಆದರೆ ಮಾತ್ರ ಎಚ್ಚರ. ಜೋರು ಮಳೆಗೆ ಡಿಶ್‌ಗೆ ಬರುವ ಕೆಯು ಬ್ಯಾಂಡ್ ಸಿಗ್ನಲ್ ಹೋಗಿಬಿಡುತ್ತದೆ, ನಮ್ಮೂರಲ್ಲಿ ಜುಲೈನಲ್ಲಿ ಇದು ದಿನದ ಮಾತು. ಅದಕ್ಕೇ ಬೇರೆ ಊರಲ್ಲಿ, ಮಳೆ ಕಡಿಮೆ ಇರುವ ಕಡೆ ಯಾರಾದರೂ ಒಬ್ಬರ ಹತ್ತಿರವೂ ರೆಕಾರ್ಡ್ ಮಾಡಿಸಿ. ಬೇಕಾದರೆ ನಾನೂ ಹಾಕಿಡುತ್ತೇನೆ, ದಿನಾಂಕ ಹೇಳಿ.

ದಾವಣಗೆರೆ ಕೇಬಲ್:
ನಾನೂ ಮಾಡಿಡುತ್ತೇನೆ, ನಮ್ಮಲ್ಲಿ ಮಳೆ ಕಡಿಮೆ.

ಪೆಂಗ್ವಿನ್ ಮನೆ:
ತೀರ್ಥಹಳ್ಳಿಯವರು ಹೇಳಿದ್ದೇ ಸರಿಯಾದ ದಾರಿ. ಕಂಪ್ಯೂಟರಿನಲ್ಲೇ ಆಗಬೇಕು ಅನ್ನುವವರಿಗೆ ಡಿಶ್ ಸಿಗ್ನಲ್ಲನ್ನೇ ನೇರ ಹಿಡಿಯುವ ಡಿವಿಬಿ-ಎಸ್2 ಕಾರ್ಡ್ ಇದೆ, ಟಿಬಿಎಸ್ ಕಂಪನಿಯದು ಲಿನಕ್ಸಿನಲ್ಲಿ ನಾನು ಓಡಿಸುತ್ತಿದ್ದೇನೆ. ಟಿವಿಹೆಡ್‌ಎಂಡ್ ಅನ್ನುವ ಸಾಫ್ಟ್‌ವೇರ್ ಹಾಕಿ ಸಮಯ ಕೊಟ್ಟರೆ ತಾನೇ ರೆಕಾರ್ಡ್ ಮಾಡುತ್ತದೆ. ಸೆಕೆಂಡಿಗೆ 3 ಮೆಗಾಬಿಟ್ಟಿನ ಚಾನೆಲ್ ಆದರೆ ಗಂಟೆಗೆ 1.35 ಜಿಬಿ ಅಷ್ಟೇ. ಆದರೆ ಒಂದು ಕಾರ್ಯಕ್ರಮಕ್ಕೋಸ್ಕರ ಅಷ್ಟು ಖರ್ಚು ಮಾಡಿ ಅಂತ ನಾನು ಹೇಳುವುದಿಲ್ಲ.

ಹಾಸನದ ಮೇಷ್ಟ್ರು:
ಸರಿ ಮೇಡಂ, ಆ ದಿನಕ್ಕೆ ಕೆಲವು ಮಾತು. ಕರೆಂಟ್ ಹೋದರೆ ಕಂಪ್ಯೂಟರಿಗೆ ಯುಪಿಎಸ್ ಇದ್ದರೆ ಸಾಲದು, ಡಿಟಿಎಚ್ ಬಾಕ್ಸಿನ ಪ್ಲಗ್ಗನ್ನೂ ಯುಪಿಎಸ್ಸಿಗೇ ಹಾಕಿ. ಇದನ್ನು ಬಹಳ ಜನ ಮರೆಯುತ್ತಾರೆ. ಲ್ಯಾಪ್‌ಟಾಪಿನಲ್ಲಿ ಒಬಿಎಸ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುವುದಾದರೆ ಎಂಪಿ4 ಬೇಡ, ಎಂಕೆವಿ ಇಡಿ. ಸಾಮಾನ್ಯ ಎಂಪಿ4 ಫೈಲಿನ ಸೂಚಿ ಕೊನೆಯಲ್ಲಿ ಬರೆಯುವುದು, ಮಧ್ಯೆ ಕರೆಂಟ್ ಹೋದರೆ ಫೈಲೇ ತೆರೆಯುವುದಿಲ್ಲ. ಎಂಕೆವಿ, ಎಂಪೆಗ್-2 ಆದರೆ ಅಲ್ಲಿಯವರೆಗೆ ಆದದ್ದು ಉಳಿಯುತ್ತದೆ. ಸ್ಕ್ರೀನ್ ಸೇವರ್, ಸ್ಲೀಪ್ ಎಲ್ಲ ಆಫ್ ಮಾಡಿ. ಕೆಲವು ಬಾಕ್ಸುಗಳು ಬಹಳ ಹೊತ್ತು ರಿಮೋಟ್ ಒತ್ತದಿದ್ದರೆ ತಾವೇ ಮಲಗಿಬಿಡುತ್ತವೆ, ಸೆಟ್ಟಿಂಗಿನಲ್ಲಿ ಅದನ್ನೂ ತೆಗೆಯಿರಿ. ಹಿಂದಿನ ದಿನ ಅದೇ ಹೊತ್ತಿಗೆ, ಅದೇ ಚಾನೆಲ್, ಎರಡು ಗಂಟೆ ಪೂರ್ತಿ ರೆಕಾರ್ಡ್ ಮಾಡಿ ಕೊನೆಯ ಐದು ನಿಮಿಷ ನೋಡಿ. ನಿಜವಾದ ದಿನ ಹತ್ತು ನಿಮಿಷ ಮೊದಲೇ ಶುರು ಮಾಡಿ, ಮುಗಿದ ಮೇಲೂ ಸ್ವಲ್ಪ ಹೊತ್ತು ಓಡಲಿ.

ಕುಮಟಾ ಹುಡುಗಿ:
ಬಣ್ಣ ಬಂತು, ಎಸ್-ವಿಡಿಯೋ ಅಂತಲೇ ಇತ್ತು. ಸಣ್ಣ ತೂತಿನ ಪಕ್ಕ ಟಾರ್ಚ್ ಹಾಕಿ ನೋಡಿದರೆ ಆಡಿಯೋ ಇನ್ ಅಂತಲೇ ಬರೆದಿದೆ, ಅದಕ್ಕೇ ಕೊಟ್ಟೆ, ಧ್ವನಿಯೂ ಸರಿಯಾಗಿದೆ. ಡಿಸ್ಕ್ ಫ್ಯಾಟ್32 ಇತ್ತು, ಬದಲಾಯಿಸಿದೆ. ಫ್ರೀ ಡಿಶ್ ಹಾಕಲು ಪೇಟೆಯವರು ಈ ವಾರ ಬರುತ್ತಾರೆ. ಇಬ್ಬರಿಗೂ ದಿನಾಂಕ ಗೊತ್ತಾದ ಕೂಡಲೇ ಇಲ್ಲೇ ಹಾಕುತ್ತೇನೆ. ಕೊನೆಯದಾಗಿ ಒಂದು: ಹಿಂದೆ ಮುಂದೆ ಬಂದ ಜಾಹೀರಾತು ಕತ್ತರಿಸಿದರೆ ಕ್ವಾಲಿಟಿ ಕಡಿಮೆ ಆಗುತ್ತದಾ?

ಪೆಂಗ್ವಿನ್ ಮನೆ:
ಮತ್ತೆ ಎನ್‌ಕೋಡ್ ಮಾಡದೆ, ಅಂದರೆ ಇನ್ನೊಮ್ಮೆ ಕುಗ್ಗಿಸದೆ, ಕತ್ತರಿಸಿದರೆ ಕ್ವಾಲಿಟಿ ಕಡಿಮೆ ಆಗುವುದಿಲ್ಲ. ಅವಿಡಿಮಕ್ಸ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ವಿಡಿಯೋ, ಆಡಿಯೋ ಎರಡನ್ನೂ ಕಾಪಿ ಅಂತ ಇಟ್ಟು, ಕೀ ಫ್ರೇಮ್ (ಪೂರ್ತಿ ಚಿತ್ರ ಉಳಿಸಿರುವ ಫ್ರೇಮ್) ಇರುವ ಜಾಗದಲ್ಲೇ ಕತ್ತರಿಸಿ. ಮೂಲ ಫೈಲನ್ನು ಮಾತ್ರ ಅಳಿಸಬೇಡಿ, ಇನ್ನೊಂದು ಹಾರ್ಡ್ ಡಿಸ್ಕಿಗೂ ಹಾಕಿಡಿ.