ಪದಚರ್ಚೆ: ಅರಮನೆಗೆ ಸೊಸೆಯಾಗಿ ಹೋದವಳನ್ನು ಏನೆನ್ನೋಣ? (ಬೆನ್ನುಡಿಗೆ ಬೇಕು, ತುರ್ತು)

ಇಂದ: ಅನುವಾದಕಿ

ಬಲ್ಲವರಿಗೆ ನಮಸ್ಕಾರ.

ಬ್ರಿಟನ್ನಿನ ರಾಜಮನೆತನಕ್ಕೆ ಮದುವೆಯಾಗಿ ಹೋದ ಹೊರಗಿನ ಹುಡುಗಿಯ ಕಥೆ. ಈ ಕಾಲದ್ದೇ, ಪ್ರೇಮಕಾದಂಬರಿ. ಮೊದಲ ಪುಸ್ತಕ ಮದುವೆಯ ತನಕ ಬಂದು ನಿಂತಿತ್ತು, ಈಗ ಕೈಯಲ್ಲಿರುವ ಎರಡನೆಯದು ಅದರ ಮರುದಿನದಿಂದ ಶುರುವಾಗುತ್ತದೆ. ಶುಕ್ರವಾರ ಮುಖಪುಟ ಅಚ್ಚಿಗೆ ಹೋಗುತ್ತಿದೆ. ಬೆನ್ನುಡಿಗೆ ನಾಲ್ಕು ಪದ ಬೇಕು: ಕಾಮನರ್ (ಬಿರುದಿಲ್ಲದವಳು), ಡಚೆಸ್ (ಡ್ಯೂಕನ ಹೆಂಡತಿ), ‘ಏರ್–ಸ್ಪೇರ್’ ಜೋಡಿ (ಪಟ್ಟಕ್ಕೆ ಬರುವ ಅಣ್ಣ, ಅವನಿಗೆ ಬದಲಿಯಾಗಿರುವ ತಮ್ಮ), ಸೀಕ್ವೆಲ್ (ಕಥೆಯ ಮುಂದುವರಿಕೆ).

ಸದ್ಯಕ್ಕೆ ಬರೆದಿಟ್ಟಿರುವ ಸಾಲು: “ಜನಸಾಮಾನ್ಯೆಯೊಬ್ಬಳು ರಾಜಕುಮಾರಿಯಾಗಿ ಕಿರೀಟ ಧರಿಸಿದ ಮೇಲೆ ಏನಾಯಿತು? ಜನಮೆಚ್ಚಿದ ಕಾದಂಬರಿಯ ಉತ್ತರಾರ್ಧ.” ದಯವಿಟ್ಟು ತಿದ್ದಿ.

ಇಂದ: ಕರಡು ತಿದ್ದುವವ

> ರಾಜಕುಮಾರಿಯಾಗಿ ಕಿರೀಟ ಧರಿಸಿದ ಮೇಲೆ

ರಾಜಕುಮಾರಿ ಎಂದರೆ ರಾಜನ ಮಗಳು. ರಾಜಕುಮಾರನನ್ನು ಮದುವೆಯಾದವಳು ರಾಜಕುಮಾರಿಯಾದರೆ ಗಂಡನಿಗೆ ತಂಗಿಯಾದಳು. ಪತ್ರಿಕೆಗಳು ‘ರಾಜಕುಮಾರಿ ಡಯಾನಾ’ ಎಂದು ಬರೆದೂ ಬರೆದೂ ನಮ್ಮ ಕಿವಿ ಒಗ್ಗಿಹೋಗಿದೆ, ಅಷ್ಟೆ. ಅಲ್ಲಿನ ಕ್ರಮದಲ್ಲೂ ಅದು ತಪ್ಪೇ. ಸ್ವಂತ ಹೆಸರಿನ ಮುಂದೆ ಪ್ರಿನ್ಸೆಸ್ ಬರುವುದು ಆ ಮನೆಯಲ್ಲಿ ಹುಟ್ಟಿದವರಿಗೆ. ಮದುವೆಯಾಗಿ ಬಂದವಳು ಗಂಡನ ಹೆಸರನ್ನು ಹೊರಬೇಕು. ಪ್ರಿನ್ಸೆಸ್ ಮೈಕೆಲ್ ಆಫ್ ಕೆಂಟ್ ಎಂಬಾಕೆಯ ಹೆಸರು ಮೈಕೆಲ್ ಅಲ್ಲ, ಅದು ಆಕೆಯ ಗಂಡನದು. 1996ರಲ್ಲಿ ವಿಚ್ಛೇದನವಾದ ಮೇಲೆ ಡಯಾನಾ ಅವರ ಅಧಿಕೃತ ಹೆಸರು ‘ಡಯಾನಾ, ಪ್ರಿನ್ಸೆಸ್ ಆಫ್ ವೇಲ್ಸ್’ ಎಂದಾಯಿತು. ಹೆಸರು ಮೊದಲು, ಅಲ್ಪವಿರಾಮ, ಆಮೇಲೆ ಪದವಿ. ನಿಮ್ಮ ಪುಸ್ತಕದಲ್ಲಿ ಯಾವಳಾದರೂ ಮಾಜಿ ಸೊಸೆ ಈ ರೂಪದಲ್ಲಿ ಬಂದರೆ ಆ ಅಲ್ಪವಿರಾಮವನ್ನು ಅಳಿಸಬೇಡಿ. ಓದುಗರಿಗೆ ವಿಚ್ಛೇದನ ತಿಳಿಯುವುದೇ ಅದರಿಂದ.

ಕಿರೀಟವೂ ಬೇಡ. ಪಟ್ಟಾಭಿಷೇಕದಲ್ಲಿ ಕಿರೀಟ ಇಡುವುದು ದೊರೆಗೆ, ಜೊತೆಗೆ ರಾಣಿಗೆ. ಮದುವೆಯಲ್ಲಿ ಸೊಸೆ ತೊಡುವುದು ಟಿಯಾರಾ ಎಂಬ ತಲೆಯೊಡವೆ, ಅದೂ ಸಾಮಾನ್ಯವಾಗಿ ಎರವಲು. 2011ರಲ್ಲಿ ವಿಲಿಯಂ ಅವರನ್ನು ಮದುವೆಯಾದ ಕೇಟ್ ತೊಟ್ಟ ಕಾರ್ಟಿಯೆ ಕಂಪನಿಯ ಟಿಯಾರಾವನ್ನು ಎಲಿಜಬೆತ್ ರಾಣಿಯೇ ಕೊಟ್ಟಿದ್ದರು.

‘ಉತ್ತರಾರ್ಧ’ ಎಂದರೆ ಒಂದೇ ಪುಸ್ತಕದ ಎರಡನೇ ಅರ್ಧ. ಕೊಂಡವರು ಮೊದಲರ್ಧ ಎಲ್ಲಿ ಎಂದು ಅಂಗಡಿಯವನನ್ನು ಕೇಳುತ್ತಾರೆ.

ಇಂದ: ಶಾಸನಪ್ರಿಯ

‘ಜನಸಾಮಾನ್ಯೆ’ಯನ್ನು ಯಾರೂ ಗಮನಿಸಲಿಲ್ಲವೆ? ಅಲಂಕಾರಶಾಸ್ತ್ರದಲ್ಲಿ ನಾಯಿಕೆಯರು ಮೂರು ಬಗೆ: ಸ್ವೀಯೆ, ಪರಕೀಯೆ, ಸಾಮಾನ್ಯೆ. ಮೂರನೆಯವಳು ಗಣಿಕೆ. ಪ್ರೇಮಕಾದಂಬರಿಯ ನಾಯಕಿಯನ್ನು ಬೆನ್ನುಡಿಯಲ್ಲೇ ಹಾಗೆ ಕರೆದು ಕೂರಿಸುತ್ತೀರಾ?

ಇನ್ನು ಡ್ಯೂಕ್. ಮೂಲ ಲ್ಯಾಟಿನ್ನಿನ ‘ಡುಕ್ಸ್’, ಸೇನೆ ನಡೆಸುವವನು. ನಮ್ಮಲ್ಲಿ ಅದೇ ಅರ್ಥದ ಪದ ಶತಮಾನಗಳಿಂದ ಇದೆ: ದಳವಾಯಿ. ಡ್ಯೂಕ್ ದಳವಾಯಿಯಾದರೆ ಡಚೆಸ್ ದಳವಾಯಿತಿ. ಇದಕ್ಕಿಂತ ನೇರವಾದ ಪದ ಸಿಕ್ಕದು. ಟಿಯಾರಾಕ್ಕೆ ‘ಪಟ್ಟ’ ಎನ್ನಿ. ಪಟ್ಟ ಕಟ್ಟುವುದು ಎಂದರೆ ಹಣೆಗೆ ಪಟ್ಟಿ ಕಟ್ಟುವುದೇ. 2018ರಲ್ಲಿ ಹ್ಯಾರಿಯ ವಧು ಮೇಗನ್ ತೊಟ್ಟ ಆಭರಣವನ್ನು ಅವರೂ ‘ಬ್ಯಾಂಡೋ’ ಎನ್ನುತ್ತಾರೆ, ಹಣೆಪಟ್ಟಿ ಎಂದೇ ಅರ್ಥ.

ಇಂದ: ಹಳೆಯ ಮೈಸೂರು

ದಳವಾಯಿ ಎಂದೊಡನೆ ನಮ್ಮ ಕಡೆಯವರಿಗೆ ನೆನಪಾಗುವುದು ದೇವರಾಜಯ್ಯ, ನಂಜರಾಜಯ್ಯ. ದೊರೆಯನ್ನು ಮೂಲೆಗೆ ಕೂರಿಸಿ ರಾಜ್ಯ ಆಳಿದವರು. ಕಾದಂಬರಿಯ ವರ ದೊರೆಯ ಗದ್ದುಗೆಗೆ ಹೊಂಚು ಹಾಕಿದ್ದಾನೆ ಎಂದು ಓದುಗರು ತಿಳಿದಾರು. ಈಗಿನ ಡ್ಯೂಕನಿಗೆ ದಳವೂ ಇಲ್ಲ, ನಾಡೂ ಇಲ್ಲ. ಅದು ಮದುವೆಯ ದಿನ ದೊರೆ ಕೊಡುವ ಬಿರುದು. 2011ರಲ್ಲಿ ಕೇಂಬ್ರಿಜ್, 2018ರಲ್ಲಿ ಸಸೆಕ್ಸ್, ಎರಡೂ ಹಾಗೇ ಮದುವೆಯ ದಿನವೇ ಪ್ರಕಟವಾದವು. ‘ಮಾಂಡಲಿಕ’ ಎನ್ನಲು ಹೊರಟವರಿಗೂ ಇದೇ ಉತ್ತರ.

‘ಪಟ್ಟ’ ಎಂದರೆ ಸಿಂಹಾಸನವೆಂದೇ ಓದುತ್ತಾರೆ. ಅದೂ ಬೇಡ.

ನನ್ನ ಸಲಹೆ ಯುವರಾಣಿ. ಯುವರಾಜ ಎನ್ನುವುದು ಸಂಬಂಧವಾಚಕವಲ್ಲ, ಸ್ಥಾನವಾಚಕ. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಮಹಾರಾಜರ ಮಗನಲ್ಲ, ತಮ್ಮ. ಹಾಗಾಗಿ ತಂಗಿ–ಹೆಂಡತಿ ಗೊಂದಲ ಇಲ್ಲಿ ಏಳುವುದೇ ಇಲ್ಲ.

ಇಂದ: ಅಚ್ಚಗನ್ನಡ

ಎಲ್ಲರೂ ಸಕ್ಕದದಿಂದ (ಸಂಸ್ಕೃತದಿಂದ) ಸಕ್ಕದಕ್ಕೇ ಹಾರುತ್ತಿದ್ದೀರಿ. ಡಚೆಸ್ ಅನ್ನು ಹಾಗೇ ಇಟ್ಟುಕೊಳ್ಳುವುದು ಸೋಮಾರಿತನ, ಯುವರಾಣಿ ಅನ್ನುವುದು ಎರವಲು. ಕನ್ನಡದ್ದೇ ಪದ ಕಟ್ಟಿ: ‘ದೊರೆಸೊಸೆ’. ಓದಿದವರಿಗೆ ತಟ್ಟನೆ ಅರ್ತವಾಗುತ್ತದೆ. ಸೀಕ್ವೆಲ್‌ಗೆ ‘ಮುಂಗತೆ’. ಕಾಮನರ್‌ಗೆ ‘ಮಂದಿಮಗಳು’. ಬಾಶೆ ಬೆಳೆಯುವುದು ಪದ ಕಟ್ಟುವುದರಿಂದ.

ಇಂದ: ಶಾಸನಪ್ರಿಯ

ಸೊಸೆ ಎಲ್ಲಿಂದ ಬಂತು ಸ್ವಾಮಿ? ಸಂಸ್ಕೃತದ ಸ್ನುಷಾ. ತದ್ಭವವನ್ನು ಅಚ್ಚಗನ್ನಡವೆಂದು ಮಾರಬೇಡಿ.

ಇಂದ: ಅಚ್ಚಗನ್ನಡ

ಹಳ್ಳಿಯ ಅಜ್ಜಿಯೂ ಆಡುವ ಪದ ಕನ್ನಡದ್ದು. ಅದರ ಮುತ್ತಜ್ಜ ಯಾರು ಅನ್ನುವುದು ನಿಮ್ಮ ತಲೆನೋವು.

ಇಂದ: ಕರಡು ತಿದ್ದುವವ

ಈ ಒಂದು ಮಾತು ಒಪ್ಪಬೇಕಾದ್ದೇ. ಆದರೆ ಅದೇ ನ್ಯಾಯ ರಾಣಿಗೂ ಸಲ್ಲಬೇಕು, ಅಜ್ಜಿ ಅದನ್ನೂ ಆಡುತ್ತಾಳೆ.

‘ಮುಂಗತೆ’ ಕೆಲಸಕ್ಕೆ ಬಾರದು. ಮುನ್ನುಡಿ, ಮುಂಗಡ, ಮುಂಬೆಳಗು ಎಲ್ಲವೂ ಮೊದಲು ಬರುವಂಥವು. ಮುಂಗತೆ ಎಂದರೆ ನಾಯಕಿ ಹುಟ್ಟುವ ಮೊದಲಿನ ಕತೆ ಎಂದಾಗುತ್ತದೆ. ‘ಉತ್ತರಕಥೆ’ಯ ಅರ್ಥ ಸರಿ, ಆದರೆ ಉತ್ತರಕಾಂಡದ ನೆನಪು ಬೆನ್ನಿಗೇ ಬರುತ್ತದೆ: ಪಟ್ಟಾಭಿಷೇಕ ಆಯಿತು, ಊರು ಆಡಿಕೊಂಡಿತು, ಸೊಸೆ ಕಾಡಿಗೆ. ಬೆನ್ನುಡಿಗೆ ‘ಮುಂದಿನ ಕಥೆ’ ಸಾಕು. ಅದು ಪದವಲ್ಲ ಪದಪುಂಜ ಎಂದು ಯಾರೂ ಜಗಳಕ್ಕೆ ಬರುವುದಿಲ್ಲ.

ಇಂದ: ಅನುವಾದಕಿ

ಎಲ್ಲರಿಗೂ ವಂದನೆ. ‘ಮುಂದಿನ ಕಥೆ’ ತೆಗೆದುಕೊಂಡೆ. ಯುವರಾಣಿಯೂ ಹಿಡಿಸಿತು, ಆದರೆ ವಂಶಾವಳಿ ಹೇಳಿಬಿಡುತ್ತೇನೆ: ದೊರೆ ಬದುಕಿದ್ದಾನೆ. ಅವನ ಹಿರಿಯ ಮಗ ಪ್ರಿನ್ಸ್ ಆಫ್ ವೇಲ್ಸ್, ಪಟ್ಟಕ್ಕೆ ಮೊದಲ ವಾರಸುದಾರ. ನಮ್ಮ ವರ ಆ ಪ್ರಿನ್ಸಿನ ಹಿರಿಯ ಮಗ, ಮದುವೆಯ ದಿನ ಡ್ಯೂಕ್ ಆದವನು. ಪುಸ್ತಕದ ನಡುವೆ ದೊರೆ ತೀರಿಕೊಳ್ಳುತ್ತಾನೆ. ವರನಿಗೊಬ್ಬ ತಮ್ಮನಿದ್ದಾನೆ, ‘ಸ್ಪೇರ್’ ಅವನೇ. ಅವನಿಗೂ ಇನ್ನೂ ಪದ ಸಿಕ್ಕಿಲ್ಲ.

ಇಂದ: ಕರಡು ತಿದ್ದುವವ

ಇದನ್ನು ಮೊದಲೇ ಹೇಳಬೇಕಿತ್ತು. ಈ ಲೆಕ್ಕದಲ್ಲಿ ಯುವರಾಜ ಒಬ್ಬನೇ, ವರನ ಅಪ್ಪ. ಯುವರಾಣಿ ನಾಯಕಿಯ ಅತ್ತೆ. ಸೊಸೆಯನ್ನು ಯುವರಾಣಿ ಎಂದರೆ ಅತ್ತೆಯನ್ನು ಏನೆನ್ನುತ್ತೀರಿ?

ಮಾವ ದೊರೆಯಾದ ಮೇಲೆ ಏನಾಗುತ್ತದೆ ನೋಡಿ. ದೊರೆಯ ಹಿರಿಯ ಮಗ ಆ ಕ್ಷಣದಿಂದಲೇ ಡ್ಯೂಕ್ ಆಫ್ ಕಾರ್ನ್‌ವಾಲ್ ಆಗುತ್ತಾನೆ, ಅದು ತಾನಾಗಿ ಬರುವಂಥದ್ದು. ಪ್ರಿನ್ಸ್ ಆಫ್ ವೇಲ್ಸ್ ಮಾತ್ರ ತಾನಾಗಿ ಬರುವುದಿಲ್ಲ, ಹೊಸ ದೊರೆ ಕೊಡಬೇಕು. 2022ರ ಸೆಪ್ಟೆಂಬರ್ 8ರಂದು ರಾಣಿ ತೀರಿಕೊಂಡಾಗ ವಿಲಿಯಂ ಮೊದಲು ‘ಕಾರ್ನ್‌ವಾಲ್ ಮತ್ತು ಕೇಂಬ್ರಿಜ್ ಡ್ಯೂಕ್’ ಆದರು. ವೇಲ್ಸ್ ಬಿರುದನ್ನು ಹೊಸ ದೊರೆ ಘೋಷಿಸಿದ್ದು ಮರುದಿನ. ನಿಮ್ಮ ನಾಯಕಿಗೂ ದೊರೆ ತೀರಿಕೊಂಡ ಮೇಲಿನ ಅಧ್ಯಾಯಗಳಲ್ಲಿ ಎರಡು ಸಲ ಪದವಿ ಬದಲಾಗಬೇಕು. ಮೂಲ ಲೇಖಕರು ಹಾಗೆ ಮಾಡಿದ್ದಾರೋ ಇಲ್ಲವೋ ನೋಡಿಕೊಳ್ಳಿ. ಯುವರಾಣಿ ಪದವನ್ನು ಆ ಅಧ್ಯಾಯಗಳಿಗೆ ಕೂಡಿಡಿ. ಬೆನ್ನುಡಿಯಲ್ಲಿ ಹಾಕಿದರೆ ದೊರೆ ಸಾಯುವುದನ್ನು ನೀವೇ ಹೇಳಿಬಿಟ್ಟಂತೆ.

ಅಲ್ಲಿಯ ತನಕ ಒಳಪುಟಗಳಲ್ಲಿ ಡಚೆಸ್. ಹೌದು, ಹಾಗೇ. ಬೆನ್ನುಡಿಯಲ್ಲಿ ‘ಅರಮನೆಯ ಸೊಸೆ’. ಅಚ್ಚಗನ್ನಡದವರು ಕೊಟ್ಟ ಸೊಸೆ ಉಳಿಯಿತು, ದೊರೆ ಬಿದ್ದುಹೋದ, ಯಾಕೆಂದರೆ ಅವಳು ದೊರೆಯ ಸೊಸೆಯಲ್ಲ, ಮೊಮ್ಮಗನ ಹೆಂಡತಿ.

ಇಂದ: ಅಚ್ಚಗನ್ನಡ

ಕೊನೆಗೂ ಡಚೆಸ್! ಹೀಗೇ ಡ್ಯೂಕ್, ಟಿಯಾರಾ, ಪ್ಯಾಲೇಸ್ ಎನ್ನುತ್ತಾ ಹೋಗಿ. ಕನ್ನಡಕ್ಕೆ ಉಳಿಯುವುದು ‘ಮತ್ತು’, ‘ಆದರೆ’ ಎರಡೇ.

ಇಂದ: ಹಳೆಯ ಮೈಸೂರು

ಮೈಸೂರು ಅರಮನೆಯಲ್ಲಿ ಹುಜೂರ್ ಸೆಕ್ರೆಟರಿ ಇದ್ದರು, ದರ್ಬಾರ್ ಇತ್ತು. ಪಾರಸಿ ಒಂದು ಕಡೆ, ಇಂಗ್ಲಿಷ್ ಒಂದು ಕಡೆ, ನಡುವೆ ಕನ್ನಡ ಚೆನ್ನಾಗಿಯೇ ಇತ್ತು. ಪರದೇಶದ ಬಿರುದು ಪರದೇಶದ್ದಾಗಿ ಕಂಡರೇ ಲೇಸು. ಪದ ಕಟ್ಟುವ ಹಟವಿದ್ದರೆ ಇನ್ನೂ ಇತ್ಯರ್ಥವಾಗದ ಕಾಮನರ್ ಮೇಲೆ ತೋರಿಸಿ. ‘ಮಂದಿಮಗಳು’ ಎಂದರೆ ಅಪ್ಪ ಯಾರೆಂದು ಗೊತ್ತಿಲ್ಲದವಳು ಎಂಬ ಧ್ವನಿ ಬರುತ್ತದೆ.

ಇಂದ: ಶಾಸನಪ್ರಿಯ

‘ಬಡ ಹುಡುಗಿ’ ಎಂದೂ ಬರೆಯಬೇಡಿ. ಅಲ್ಲಿನ ಲೆಕ್ಕದಲ್ಲಿ ಸ್ವತಃ ಬಿರುದು ಹೊಂದಿದವನನ್ನು ಬಿಟ್ಟು ಮಿಕ್ಕವರೆಲ್ಲ ಕಾಮನರ್‌ಗಳು. ಅರ್ಲ್ ಮನೆತನದಲ್ಲಿ ಹುಟ್ಟಿದ ಡಯಾನಾ ಕೂಡ ಮದುವೆಗೆ ಮುಂಚೆ ಕಾನೂನಿನ ಪ್ರಕಾರ ಕಾಮನರ್. ದುಡ್ಡಿಗೂ ಇದಕ್ಕೂ ಸಂಬಂಧವಿಲ್ಲ. ‘ಬಿರುದಿಲ್ಲದ ಮನೆಯ ಹುಡುಗಿ’ ಎಂದರೆ ಅರ್ಥ ಮುಕ್ಕಾಗುವುದಿಲ್ಲ.

ಒಳಗೆಲ್ಲಾದರೂ ‘ಮಾರ್ಗನಾಟಿಕ್’ ಮದುವೆ ಬಂದರೆ ಮೊದಲೇ ಎಚ್ಚರಿಸುತ್ತೇನೆ. ಮದುವೆ ಕ್ರಮಬದ್ಧ, ಆದರೆ ಗಂಡನ ಪದವಿ ಹೆಂಡತಿಗಾಗಲೀ ಮಕ್ಕಳಿಗಾಗಲೀ ದಾಟದು. 1936ರಲ್ಲಿ ಎಂಟನೇ ಎಡ್ವರ್ಡ್ ಕೇಳಿದ್ದು, ಸರ್ಕಾರ ಒಪ್ಪದಿದ್ದದ್ದು ಇದನ್ನೇ. ಜರ್ಮನ್ನಿನಲ್ಲಿ ಇದಕ್ಕೆ ‘ಎಡಗೈ ಮದುವೆ’ ಎಂಬ ಹೆಸರಿದೆ. ಅದನ್ನು ಪದಶಃ ಇಳಿಸಿದರೆ ಕನ್ನಡದಲ್ಲಿ ಎಡಗೈ–ಬಲಗೈ ಪಣಗಳ ಜಾತಿಕಲಹ ಎದ್ದು ಕೂರುತ್ತದೆ. ‘ಅನುಲೋಮ’ವೂ ಬೇಡ, ಅದು ವರ್ಣದ ಲೆಕ್ಕ. ‘ಪದವಿ ದಾಟದ ಮದುವೆ’ ಎಂದು ಬಿಡಿಸಿ ಬರೆಯಿರಿ.

ಇಂದ: ಹಳೆಯ ಮೈಸೂರು

ಸ್ಪೇರ್‌ಗೆ ‘ಸ್ಟೆಪ್ನಿ’ ಎನ್ನಲು ಯಾರಾದರೂ ಬರುವ ಮುನ್ನ: ಆ ಪದ ಹುಟ್ಟಿದ್ದು ವೇಲ್ಸ್‌ನ ಲನೆಲ್ಲಿ ಊರಿನ ಸ್ಟೆಪ್ನಿ ಬೀದಿಯಲ್ಲಿ, ಬಿಡಿಚಕ್ರ ಮಾಡುವ ಕಂಪನಿಯಿಂದ. ವೇಲ್ಸ್ ಪ್ರಿನ್ಸಿನ ಕಿರಿಮಗನಿಗೆ ಹೇಳಿ ಮಾಡಿಸಿದಂತಿದೆ. ಆದರೆ ಆಡುಮಾತಿನಲ್ಲಿ ಅದಕ್ಕೆ ಇಟ್ಟುಕೊಂಡವಳು ಎಂಬ ಅರ್ಥವೂ ಹತ್ತಿದೆ. ಪ್ರೇಮಕಾದಂಬರಿಗೆ ಅಪಾಯ.

ಪ್ರಾಸ ಬೇಕಲ್ಲವೆ? ‘ಪಟ್ಟಕ್ಕೊಬ್ಬ, ಕಟ್ಟೆಗೊಬ್ಬ.’

ಇಂದ: ಕರಡು ತಿದ್ದುವವ

ಪ್ರಾಸ ಚೆನ್ನಾಗಿದೆ, ಅರ್ಥ ಜಾರಿತು. ಕಟ್ಟೆಯ ಮೇಲೆ ಕೂತವನು ಸೋಮಾರಿ. ಸ್ಪೇರ್ ಸೋಮಾರಿಯಲ್ಲ, ಅಣ್ಣನಿಗೆ ಏನಾದರೂ ಆದರೆಂದು ಕಾದಿಟ್ಟವನು. ‘ಪಟ್ಟಕ್ಕೊಬ್ಬ, ಬದಲಿಗೊಬ್ಬ’ ಎಂದರೆ ಕಾಯುವುದೂ ಬಂತು, ‘ಒಬ್ಬ’ದ ತಾಳವೂ ಉಳಿಯಿತು. ಅವನನ್ನೇ ಅಣಕಿಸುವ ಸಂಭಾಷಣೆ ಇದ್ದರೆ ಅಲ್ಲಿ ಕಟ್ಟೆಯನ್ನು ಬಳಸಿಕೊಳ್ಳಿ.

ಡಚೆಸ್ ಉಳಿಸಿಕೊಂಡರೆ ವಿಭಕ್ತಿಯಲ್ಲಿ ಕಾಲು ಸಿಕ್ಕಿಕೊಳ್ಳುತ್ತದೆ. ಡ್ಯೂಕನಿಗೆ, ಡ್ಯೂಕನನ್ನು ಸಲೀಸು. ‘ಡಚೆಸ್ಸಿಗೆ’ ಎಂದರೆ ಬಸ್ಸಿಗೆ ಅಂದ ಹಾಗೆ, ಹೆಂಗಸು ವಸ್ತುವಾಗುತ್ತಾಳೆ. ‘ಡಚೆಸಳಿಗೆ’ ಕನ್ನಡವೇ ಅಲ್ಲ. ಆದ್ದರಿಂದ ನಿರೂಪಣೆಯಲ್ಲಿ ಹೆಸರಿಗೇ ಪ್ರತ್ಯಯ ಹಚ್ಚಿ. ಊಳಿಗದವರ, ಪತ್ರಕರ್ತರ ಬಾಯಲ್ಲಿ ‘ಡಚೆಸ್ ಅವರಿಗೆ’. ಜಾಗದ ಹೆಸರು ಬಂದಾಗ ‘ಆಫ್’ ಕಿತ್ತು ‘ವೇಲ್ಸ್ ರಾಜಕುಮಾರ’ ಮಾಡಬೇಡಿ, ವೇಲ್ಸಿಗೆ ಬೇರೊಬ್ಬ ರಾಜ ಹುಟ್ಟುತ್ತಾನೆ.

ಸಂಬೋಧನೆ: ಮೊದಲ ಭೇಟಿಯ ಮೊದಲ ಮಾತಿಗೆ ಪೂರ್ತಿ ಬಿರುದು, ‘ಯುವರ್ ರಾಯಲ್ ಹೈನೆಸ್’. ಆಮೇಲೆ ಬರೀ ಮ್ಯಾಮ್. ಅವರ ಉಚ್ಚಾರಣೆ ‘ಜ್ಯಾಮ್’ಗೆ ಪ್ರಾಸವಾಗುವಂತೆ, ‘ಮಾಮ್’ ಅಲ್ಲ. ಮೇಡಂ ಎಂದರೆ ಶಾಲೆಯ ಟೀಚರ್ ಆಗುತ್ತಾಳೆ.

ಇಂಗ್ಲಿಷಿನಲ್ಲಿ ಎಲ್ಲದಕ್ಕೂ ಒಂದೇ ‘ಯೂ’. ನಿಮಗೆ ನೀನು, ನೀವು, ತಾವು ಮೂರೂ ಇವೆ. ಮೊದಲ ಪುಸ್ತಕದಲ್ಲಿ ನೀನು ಎನ್ನುತ್ತಿದ್ದ ಗೆಳತಿ ಈ ಪುಸ್ತಕದಲ್ಲಿ ನಾಲ್ಕು ಜನರೆದುರು ತಾವು ಎನ್ನಬೇಕೋ ಬೇಡವೋ, ಅದನ್ನು ಮೊದಲ ಅಧ್ಯಾಯದಲ್ಲೇ ತೀರ್ಮಾನಿಸಿ ಪಟ್ಟಿ ಮಾಡಿಟ್ಟುಕೊಳ್ಳಿ. ನಡುವೆ ಬದಲಾದರೆ ಇಬ್ಬರಿಗೂ ಜಗಳವಾಗಿದೆ ಎಂದು ಓದುಗರು ತಿಳಿಯುತ್ತಾರೆ.

ಇಂದ: ಅನುವಾದಕಿ

ಕಳಿಸುತ್ತಿರುವ ಸಾಲು: “ಬಿರುದಿಲ್ಲದ ಮನೆಯ ಹುಡುಗಿ ಅರಮನೆಯ ಸೊಸೆಯಾದಳು. ಗಂಡ ಪಟ್ಟಕ್ಕೆ, ಮೈದುನ ಬದಲಿಗೆ. ಅವಳು ಯಾತಕ್ಕೆ? ಜನಮೆಚ್ಚಿದ ಕಾದಂಬರಿಯ ಮುಂದಿನ ಕಥೆ.”

ಇಂದ: ಶಾಸನಪ್ರಿಯ

‘ಯಾತಕ್ಕೆ’ ಗ್ರಾಂಥಿಕವಲ್ಲ. ‘ಏತಕ್ಕೆ’.

ಇಂದ: ಅಚ್ಚಗನ್ನಡ

ಯಾತಕ್ಕೆ ಇರಲಿ. ‘ಬಿರುದು’ ಎಲ್ಲಿಯದು ಎಂದು ಈಗ ಯಾರೂ ಕೇಳುವುದಿಲ್ಲವಲ್ಲ?