ಹಿರೇಗುಡ್ಡದ ಬಂಡೆ ಚಿತ್ರಗಳು: ಹಳೆಯದು ಯಾವುದು, ಈಚಿನದು ಯಾವುದು, ನೋಡಿದರೆ ಗೊತ್ತಾಗುತ್ತದೆಯೇ?

ಬಸವನಗುಡಿಯ ಅಪ್ಪ:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ರಜೆಯಲ್ಲಿ ಎಂಟನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಬಳ್ಳಾರಿ ಪಕ್ಕದ ಹಿರೇಗುಡ್ಡ ಹತ್ತಬೇಕು ಅಂತಿದ್ದೇನೆ, ಸಂಗನಕಲ್ಲು, ಕಪ್ಪಗಲ್ಲು ಕಡೆಯದು. ಅಲ್ಲಿನ ಬಂಡೆಗಳ ಮೇಲೆ ನೂರಾರು ಕೆತ್ತನೆಗಳಿವೆಯಂತೆ, ನವಶಿಲಾಯುಗದವು, ಅಂದರೆ ಸುಮಾರು 5000ದಿಂದ 3000 ವರ್ಷ ಹಿಂದಿನವು. ಆದರೆ ಆಮೇಲೆ ಬಂದವರೂ ಕುಟ್ಟಿದ್ದಾರೆ, ಈಗಿನವರು ಹೆಸರನ್ನೂ ಕೊರೆದಿದ್ದಾರೆ ಅಂತ ಕೇಳಿದೆ. ಹೋದಾಗ ಯಾವುದು ಯಾವ ಕಾಲದ್ದು ಅಂತ ಮಗಳಿಗೆ ಹೇಗೆ ತೋರಿಸಲಿ? ಗೆರೆ ಕಾಣದಿದ್ದರೆ ಸೀಮೆಸುಣ್ಣ ತಿಕ್ಕಿ ಫೋಟೊ ತೆಗೆಯಬಹುದಾ? ಬೇಗೂರಿನ ವೀರಗಲ್ಲುಗಳನ್ನು ಅವಳು ನೋಡಿದ್ದಾಳೆ, ಇದೂ ಅದೇ ಥರದ ಕೆಲಸವಾ?

ಕರಿಕಲ್ಲು:
ಸರ್, ಮೊದಲು ಸೀಮೆಸುಣ್ಣದ ಮಾತು. ದಯವಿಟ್ಟು ಬೇಡ. ಕಲ್ಲಿನ ಸಣ್ಣ ಸಣ್ಣ ಗುಳಿಗಳಲ್ಲಿ ಕೂತ ಪುಡಿ ಅಷ್ಟು ಸುಲಭವಾಗಿ ಹೋಗುವುದಿಲ್ಲ, ಮುಂದೆ ಬರುವವರು ನೋಡುವುದು ನೀವು ಎಳೆದ ಗೆರೆಯನ್ನು, ಹಳಬರದ್ದನ್ನಲ್ಲ. ನೀರೂ ಎರಚಬೇಡಿ. ಸುಮ್ನೆ ಒಂದು ಚಿಕ್ಕ ಕನ್ನಡಿ ಇಟ್ಟುಕೊಳ್ಳಿ. ಬಿಸಿಲನ್ನು ಬಂಡೆಯ ಮೇಲೆ ಓರೆಯಾಗಿ ಹಾಯಿಸಿದರೆ ಕಾಣದ ಎತ್ತಿನ ಚಿತ್ರವೂ ಎದ್ದು ಬರುತ್ತದೆ. ಬೆಳಿಗ್ಗೆ ಏಳೂವರೆ ಒಳಗೆ ಹೋದರೆ ಕನ್ನಡಿಯೂ ಬೇಕಿಲ್ಲ, ನಡು ಮಧ್ಯಾಹ್ನ ಹೋದರೆ ಏನೂ ಕಾಣುವುದಿಲ್ಲ.

ವೀರಗಲ್ಲಿಗೂ ಇದಕ್ಕೂ ಬಹಳ ವ್ಯತ್ಯಾಸ. ಬೇಗೂರಿನದು ಚಪ್ಪಡಿಯನ್ನು ಕಬ್ಬಿಣದ ಉಳಿಯಿಂದ ಕೆತ್ತಿದ್ದು. ಬೆಂಗಳೂರು ಅನ್ನುವ ಹೆಸರಿರುವ ಆ ಶಾಸನ ಸುಮಾರು ಒಂಬತ್ತನೇ ಶತಮಾನದ್ದು. ಹಿರೇಗುಡ್ಡದಲ್ಲಿ ಕಬ್ಬಿಣವೇ ಇಲ್ಲದ ಜನ ಕಲ್ಲಿನಿಂದ ಕಲ್ಲನ್ನು ಕುಟ್ಟಿದ್ದಾರೆ. ಕೆತ್ತನೆ ಅನ್ನುವುದಕ್ಕಿಂತ ಕುಟ್ಟನೆ ಅಂದರೆ ಸರಿ. ಗುಡ್ಡದ ಬಹುಪಾಲು ಬಂಡೆ ತಿಳಿ ಬಣ್ಣದ ಗ್ರಾನೈಟ್, ಅದರ ನಡುವೆ ಬಿರುಕಲ್ಲಿ ಕರಗಿದ ಕಲ್ಲು ಕೆಳಗಿಂದ ನುಗ್ಗಿ ಗಟ್ಟಿಯಾದ ಒಂದು ಕಪ್ಪು ಪಟ್ಟೆ ಹೋಗಿದೆ, ಅದು ಡೋಲರೈಟ್. ಚಿತ್ರಗಳು ಜಾಸ್ತಿ ಇರುವುದು ಆ ಕರಿಕಲ್ಲಿನ ಮೇಲೇ. ಬಿಸಿಲು ಮಳೆಗೆ ಅದರ ಮೈ ಗಾಢವಾಗುತ್ತದೆ, ಕುಟ್ಟಿದ ಜಾಗ ಬೆಳ್ಳಗೆ ಕಾಣುತ್ತದೆ. ಆ ಬೆಳುಪೇ ಕಾಲ ಕಳೆದಂತೆ ಮತ್ತೆ ಕಪ್ಪಾಗುತ್ತಾ ಬರುತ್ತದೆ. ಹಾಗಾಗಿ ಅಕ್ಕಪಕ್ಕದ ಎರಡು ಚಿತ್ರಗಳಲ್ಲಿ ಬಂಡೆಯ ಬಣ್ಣಕ್ಕೇ ಬೆರೆತುಹೋದದ್ದು ಹಳೆಯದು, ಬೆಳ್ಳಗೆ ಎದ್ದು ಕಾಣುವುದು ಈಚಿನದು. ಒಂದರ ಮೇಲೊಂದು ಕುಟ್ಟಿದ್ದರೆ ಮೇಲಿನದು ಹೊಸದು. ಇದು ಹೋಲಿಕೆ ಮಾತ್ರ, ಇಷ್ಟೇ ವರ್ಷ ಅಂತ ಬಣ್ಣ ನೋಡಿ ಯಾರೂ ಹೇಳಲಾರರು. ಚಿತ್ರದಲ್ಲಿ ಏನಿದೆ ಅನ್ನುವುದೂ ಒಂದು ಸುಳಿವು. ಅಲ್ಲಿ ಜಾಸ್ತಿ ಇರುವುದು ಉದ್ದ ಕೊಂಬಿನ, ಹಿಣಿಲು ಎದ್ದ ದನಗಳು, ಅಲ್ಲಲ್ಲಿ ಮನುಷ್ಯರು. ಹತ್ತಿರದಲ್ಲೇ ಬೂದಿ ದಿಬ್ಬವೂ ಇದೆ, ಸಗಣಿ ಗುಡ್ಡೆ ಹಾಕಿ ಸುಟ್ಟು ಸುಟ್ಟು ಆದದ್ದು. ದನವೇ ಬದುಕಾಗಿದ್ದ ಜನ, ಬಂಡೆಯ ಮೇಲೂ ಅದೇ ಬಂದಿದೆ.

ಬಳ್ಳಾರಿ ಬಿಸಿಲು:
ನಾನು ಅಲ್ಲಿಯವಳೇ, ಕೆಲಸಕ್ಕೆ ಅಂತ ಯಲಹಂಕದಲ್ಲಿ ಇದ್ದೇನೆ. ಮೇಲೆ ಹೇಳಿದ್ದಕ್ಕೆ ಇನ್ನೊಂದು ಮಾತು ಸೇರಿಸಬೇಕು. ಆ ಕರಿಕಲ್ಲಿನಿಂದಲೇ ಅವರು ಕೊಡಲಿ ಮಾಡುತ್ತಿದ್ದರು. ಗುಡ್ಡದ ಮೇಲೆ ಚಕ್ಕೆಗಳು ರಾಶಿ ರಾಶಿ ಬಿದ್ದಿವೆ. ಕೊಡಲಿ ಮಾಡುವುದು, ದನದ ಚಿತ್ರ ಕುಟ್ಟುವುದು, ಎಲ್ಲಾ ಒಂದೇ ಕಲ್ಲಿನ ಮೇಲೆ. ಇನ್ನೂ ಇದೆ. ಕೆಲವು ಬಂಡೆಗಳಲ್ಲಿ ಗುಳಿಗಳಿವೆ, ಅಲ್ಲಿ ಗ್ರಾನೈಟ್ ಕಲ್ಲಿನಿಂದ ಬಡಿದರೆ ಗಂಟೆ ಹೊಡೆದ ಹಾಗೆ ನಾದ ಬರುತ್ತದೆ. 2004ರಲ್ಲಿ ನಿಕೋಲ್ ಬೋವಿನ್ ಅನ್ನುವ ಸಂಶೋಧಕಿ ಈ ಬಗ್ಗೆ ಬರೆದ ಮೇಲೆ ಹೊರಗಿನ ಜಗತ್ತಿಗೆ ಇದು ಚೆನ್ನಾಗಿ ಗೊತ್ತಾಯಿತು. ಅದಕ್ಕೂ ಮೊದಲು, 1892ರಲ್ಲೇ, ಫಾಸೆಟ್ ಅನ್ನುವವರು ಈ ಚಿತ್ರಗಳ ಬಗ್ಗೆ ಪ್ರಕಟಿಸಿದ್ದರು, ವಯನಾಡಿನ ಎಡಕಲ್ಲು ಗವಿಯ ಕೆತ್ತನೆಗಳನ್ನು ಬೆಳಕಿಗೆ ತಂದವರೂ ಇವರೇ. ಕೆಲವು ಚಿತ್ರಗಳು ಎಂಥ ಜಾಗದಲ್ಲಿವೆ ಅಂದರೆ ಮೇಲಿಂದ ಜೋತುಬಿದ್ದೇ ಕುಟ್ಟಿರಬೇಕು ಅನ್ನಿಸುತ್ತದೆ. ಬರೀ ನೋಡಲಿ ಅಂತ ಮಾಡಿದ್ದಾದರೆ ಅಷ್ಟು ಕಷ್ಟ ಯಾಕೆ ಪಡುತ್ತಿದ್ದರು? ಕುಟ್ಟುವ ಕೆಲಸವೇ, ಆ ಸದ್ದೇ ಅವರಿಗೆ ಮುಖ್ಯವಾಗಿತ್ತು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಹಾಗಂತ ನೀವು ಬಡಿದು ನೋಡಬೇಡಿ ಅಣ್ಣಾ. ಪ್ರತಿಯೊಬ್ಬರೂ ಒಂದೊಂದು ಏಟು ಹಾಕಿದರೆ ಹಳೇ ಗುಳಿ ಯಾವುದು, ನಮ್ಮದು ಯಾವುದು ಅನ್ನುವುದೇ ಅಳಿಸಿಹೋಗುತ್ತದೆ. ಸುತ್ತಮುತ್ತ ಗ್ರಾನೈಟ್‌ಗೆ ಅಂತ ಗುಡ್ಡ ಒಡೆದದ್ದನ್ನು ನೋಡಿ ಬೆಳೆದವಳು ನಾನು. ಉಳಿದಿರುವುದಕ್ಕೆ ನಮ್ಮ ಕೈಯಿಂದ ಗಾಯ ಆಗುವುದು ಬೇಡ.

ಬಸವನಗುಡಿಯ ಅಪ್ಪ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಸೀಮೆಸುಣ್ಣ ಬಿಟ್ಟೆವು, ಕನ್ನಡಿ ಈಗಲೇ ಮಗಳ ಬ್ಯಾಗಿಗೆ ಹೋಯಿತು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬಳ್ಳಾರಿ, ಆದರೆ ಏಳೂವರೆ ಒಳಗೆ ಗುಡ್ಡದ ಮೇಲೆ ಇರುವುದು ಕಷ್ಟ ಅಲ್ವಾ?

ಬಳ್ಳಾರಿ ಬಿಸಿಲು:
ಕಷ್ಟ. ಮೊದಲ ದಿನ ಊರಲ್ಲಿ ಉಳಿದು ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ನೋಡಿ, ಸಂಗನಕಲ್ಲಿನ ಕೊಡಲಿಗಳು ಅಲ್ಲಿವೆ. ಮಾರನೇ ದಿನ ನಸುಕಲ್ಲೇ ಹೊರಡಿ, ಹಳ್ಳಿಯ ಒಬ್ಬರನ್ನು ಜೊತೆಗೆ ಕರೆದುಕೊಳ್ಳಿ, ದಾರಿ ಗುರುತು ಸರಿಯಾಗಿಲ್ಲ. ನೀರು ಜಾಸ್ತಿ ಒಯ್ಯಿರಿ. ಹತ್ತು ಗಂಟೆಗೆ ಆ ಕರಿಕಲ್ಲು ಕಾದ ಹೆಂಚಿನ ಹಾಗಾಗಿರುತ್ತದೆ, ಅಷ್ಟೊತ್ತಿಗೆ ಇಳಿದುಬಿಡಿ.